ಥೀಮ್ ಪಾರ್ಕುಗಳಲ್ಲಿ ಸ್ಟ್ರಾ, ಮುಚ್ಚಳ: ಕೇಳಿದವರಿಗೆ ಮಾತ್ರ ಕೊಡಲಿ

ಮಾನ್ಯ ಸಂಪಾದಕರಿಗೆ ವಂದನೆಗಳು.

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ನಮ್ಮ ಬಡಾವಣೆಯ ಕನ್ನಡ ಮಕ್ಕಳನ್ನು ಕರೆದುಕೊಂಡು, ಮುಂಬಯಿಯಿಂದ ಬೆಳಿಗ್ಗೆ ಹೊರಟು ರಾತ್ರಿಗೆ ಮರಳಬಹುದಾದಷ್ಟು ದೂರದ ಥೀಮ್ ಪಾರ್ಕೊಂದಕ್ಕೆ ಹೋಗಿದ್ದೆವು. ದೊಡ್ಡವರೂ ಸೇರಿ 46 ಮಂದಿ. ಬಾಗಿಲಲ್ಲೇ ನಮ್ಮ ಚೀಲಗಳನ್ನು ತೆರೆಸಿದರು. ಹೊರಗಿನ ತಿಂಡಿ ತಂದರೆ ಒಳಗೆ ಕಸವಾಗುತ್ತದೆ ಎಂದು ಹೇಳಿ ಚಕ್ಕುಲಿ ಡಬ್ಬಿಯನ್ನೂ ನೀರಿನ ಬಾಟಲಿಗಳನ್ನೂ ಅಲ್ಲೇ ಇಡಿಸಿಕೊಂಡರು. ಸ್ವಚ್ಛತೆಯ ಮಾತು ಒಪ್ಪತಕ್ಕದ್ದೇ ಎಂದುಕೊಂಡು ಒಳಗೆ ಹೋದರೆ, ನಿಂಬೆ ಶರಬತ್ತಿನಿಂದ ಕೋಲ್ಡ್ ಕಾಫಿಯವರೆಗೆ ಕೊಂಡ ಪ್ರತಿಯೊಂದು ಪಾನೀಯವೂ ಕಾಗದದ ಲೋಟದಲ್ಲಿ, ಪ್ಲಾಸ್ಟಿಕ್ ಮುಚ್ಚಳ ಹಾಕಿಸಿಕೊಂಡು, ಆ ಮುಚ್ಚಳದ ತೂತಿನಲ್ಲಿ ಸ್ಟ್ರಾ ಚುಚ್ಚಿಸಿಕೊಂಡು ಬಂತು. ಸ್ಟ್ರಾ ಕಾಗದದ್ದೇ, ಆದರೆ ಒಂದೊಂದನ್ನೂ ಪ್ರತ್ಯೇಕವಾಗಿ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದರು. ದಿನಕ್ಕೆ ಎರಡು ಸಲ ಕುಡಿದೆವೆಂದರೂ ನಮ್ಮ ಒಂದೇ ಗುಂಪಿನಿಂದ 92 ಮುಚ್ಚಳ, 92 ಸ್ಟ್ರಾ, 92 ಹೊದಿಕೆಗಳಾದವು. ಸ್ಟ್ರಾ ಮೆತ್ತಗಾಯಿತೆಂದು ಮಕ್ಕಳು ಓಡಿಹೋಗಿ ತಂದ ಎರಡನೆಯದು ಈ ಲೆಕ್ಕದಲ್ಲಿಲ್ಲ.

ಮಾಟುಂಗಾದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ 31 ವರ್ಷ ಕುಳಿತವನು ನಾನು. ಗಿರಾಕಿ ಕೇಳದ ವಸ್ತುವನ್ನು ಕೈಗಿಟ್ಟು ಅದರ ಬೆಲೆಯನ್ನು ಬಿಲ್ಲಿನಲ್ಲಿ ಸೇರಿಸುವ ವ್ಯಾಪಾರ ನಮಗೂ ಗೊತ್ತಿಲ್ಲದ್ದಲ್ಲ. ಆದರೆ ಅಂದು ನಮ್ಮ ಮಕ್ಕಳಲ್ಲಿ ಒಬ್ಬರೂ ಮುಚ್ಚಳ ಕೇಳಿರಲಿಲ್ಲ. ಬೆಂಚಿನ ಮೇಲೆ ಕುಳಿತು, ಮುಚ್ಚಳ ಕಿತ್ತು ಪಕ್ಕಕ್ಕಿಟ್ಟು, ಬಾಯಿಯಿಂದಲೇ ಕುಡಿದವರೇ ಹೆಚ್ಚು. ಸ್ವಲ್ಪ ಯೋಚಿಸಿ ನೋಡಿದರೆ ಇವೆರಡೂ ಒಂದಕ್ಕೊಂದು ನೆಪವಾಗಿ ನಿಂತಿವೆ: ಮುಚ್ಚಳವಿರುವುದರಿಂದ ಸ್ಟ್ರಾ ಬೇಕಾಗುತ್ತದೆ, ಸ್ಟ್ರಾ ಇರುವುದರಿಂದ ಮುಚ್ಚಳಕ್ಕೆ ತೂತು ಬೇಕಾಗುತ್ತದೆ. ಮೊದಲನೆಯದನ್ನು ನಿಲ್ಲಿಸಿದರೆ ಎರಡನೆಯದಕ್ಕೆ ಕೆಲಸವೇ ಇರುವುದಿಲ್ಲ.

ಕಾನೂನು ಈ ಜೋಡಿಯಲ್ಲಿ ಒಂದನ್ನಷ್ಟೇ ಹೆಸರಿಸಿದೆ. ಕೇಂದ್ರ ಸರ್ಕಾರ 2021ರ ಆಗಸ್ಟ್ 12ರಂದು ಹೊರಡಿಸಿದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆ ತಿದ್ದುಪಡಿ ನಿಯಮಗಳ ಪ್ರಕಾರ, 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಫೋರ್ಕ್, ಸ್ಟ್ರಾ, ಕಲಕುವ ಕಡ್ಡಿ ಮುಂತಾದವುಗಳ ತಯಾರಿಕೆ, ದಾಸ್ತಾನು, ಮಾರಾಟ ಮತ್ತು ಬಳಕೆ ನಿಷಿದ್ಧ. ಆ ಪಟ್ಟಿಯಲ್ಲಿ ಲೋಟದ ಮುಚ್ಚಳದ ಹೆಸರು ಇಲ್ಲ. ಹೀಗಾಗಿ ಪಾರ್ಕಿನವರು ಸ್ಟ್ರಾವನ್ನು ಕಾಗದಕ್ಕೆ ಬದಲಾಯಿಸಿ, ಅದಕ್ಕಿಂತ ಎಷ್ಟೋ ಪಟ್ಟು ಭಾರದ ಮುಚ್ಚಳವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಯುರೋಪಿನ ಒಕ್ಕೂಟವು 2019ರ ತನ್ನ ನಿರ್ದೇಶನದಲ್ಲಿ ಥರ್ಮೊಕೋಲಿನಂಥ ಉಬ್ಬಿಸಿದ ಪಾಲಿಸ್ಟೈರೀನಿನ ಲೋಟಗಳನ್ನು ನಿಷೇಧಿಸುವಾಗ ಅವುಗಳ ಮುಚ್ಚಳವನ್ನೂ ಹೆಸರಿಸಿಯೇ ಸೇರಿಸಿತು. ನಮ್ಮಲ್ಲಿಯೂ ಹಾಗೊಂದು ಪದ ಸೇರಿಸಲು ದೊಡ್ಡ ಸಂಶೋಧನೆ ಬೇಕಾಗಲಾರದು.

ಮುಚ್ಚಳದಿಂದ ಆಗುವ ತೊಂದರೆಯನ್ನು ನಾನು ಕಣ್ಣಾರೆ ಕಂಡದ್ದು ರೋಲರ್ ಕೋಸ್ಟರಿನ ಸರತಿ ಸಾಲಿನ ಬಳಿಯ ಕಸದ ಡಬ್ಬಿಯಲ್ಲಿ. ಆಟದ ಬಂಡಿಗೆ ಪಾನೀಯ ಒಯ್ಯಲು ಬಿಡುವುದಿಲ್ಲ. ನಡೆಯುತ್ತ ಕುಡಿಯಲು ಅನುಕೂಲವೆಂದು ಮುಚ್ಚಿ ಕೊಟ್ಟ ಲೋಟ, ಸರತಿ ಬಂದೊಡನೆ ಅರ್ಧ ತುಂಬಿದ್ದಾಗಲೇ ಡಬ್ಬಿಗೆ ಬೀಳುತ್ತದೆ. ಮುಚ್ಚಳ ಭದ್ರವಾಗಿರುವುದರಿಂದ ಒಳಗಿನ ದ್ರವ ಅಲ್ಲೇ ಉಳಿದು, ಮೇಲಿನ ಭಾರಕ್ಕೆ ಒಡೆದು, ಒಣ ಕಸವನ್ನೆಲ್ಲ ಅಂಟುಮುದ್ದೆ ಮಾಡುತ್ತದೆ. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರು ಒಂದೊಂದೇ ಲೋಟ ಎತ್ತಿ, ಮುಚ್ಚಳ ತೆಗೆದು, ಉಳಿದದ್ದನ್ನು ಬಕೆಟ್ಟಿಗೆ ಸುರಿದು, ಲೋಟಗಳನ್ನು ಒಂದರೊಳಗೊಂದು ಪೇರಿಸುತ್ತಿದ್ದರು. ಮುಚ್ಚಳಗಳನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಭಂಗಾರದವನು (ಗುಜರಿಯವನು) ಬಾಟಲಿ ಒಯ್ಯುತ್ತಾನೆ, ಇದನ್ನು ಮುಟ್ಟುವುದಿಲ್ಲ ಎಂದರು. ಅವನ ಮೇಲೆ ತಪ್ಪು ಹೊರಿಸುವಂತಿಲ್ಲ. ಬಾಟಲಿಯ ಪೆಟ್ ಪ್ಲಾಸ್ಟಿಕ್ಕಿಗೆ ಕಿಲೋ ಲೆಕ್ಕದಲ್ಲಿ ದರವಿದೆ. ಮುಚ್ಚಳವು ಕೆಲವೊಮ್ಮೆ ಪಾಲಿಸ್ಟೈರೀನ್, ಕೆಲವೊಮ್ಮೆ ಪಾಲಿಪ್ರೊಪಿಲೀನ್, ಕೆಲವೊಮ್ಮೆ ಪೆಟ್ ಆಗಿರುವುದರಿಂದ ಬೇರ್ಪಡಿಸುವ ಕೂಲಿಯೇ ಗಿಟ್ಟುವುದಿಲ್ಲ. ಪ್ಲಾಸ್ಟಿಕ್ ಸ್ಟ್ರಾ ಅಂತೂ ಅರ್ಧ ಗ್ರಾಮೂ ತೂಗುವುದಿಲ್ಲ. ಒಂದು ಕಿಲೋ ಆಗಬೇಕಾದರೆ ಎರಡು ಸಾವಿರಕ್ಕೂ ಹೆಚ್ಚು ಆಯಬೇಕು.

ಹೀಗೆ ಯಾರಿಗೂ ಬೇಡವಾದದ್ದು ಕಸದ ಗುಡ್ಡಕ್ಕೆ ಹೋಗುತ್ತದೆ, ಇಲ್ಲವೇ ಮಳೆಗಾಲದ ನೀರಿನೊಡನೆ ನಾಲೆ ಹಿಡಿದು ಖಾಡಿಗೆ, ಅಂದರೆ ಕಡಲಿನ ಹಿನ್ನೀರಿಗೆ, ಸೇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಪ್ಲಾಸ್ಟಿಕ್ ತುಂಬಿದ ನಾಲೆಗಳ ಪರಿಣಾಮವನ್ನು ಈ ಊರಿನ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮತ್ತೊಂದು ನೆನಪೂ ಇದೆ. 2015ರಲ್ಲಿ ಮುಂಬಯಿಯ ವಕೀಲ ಅಫ್ರೋಜ್ ಶಾ ಅವರು ಆರಂಭಿಸಿದ ವರ್ಸೋವಾ ಕಡಲತೀರದ ಸ್ವಚ್ಛತಾ ಕಾರ್ಯದ ಬಳಿಕ, 2018ರ ಮಾರ್ಚಿನಲ್ಲಿ ಆಲಿವ್ ರಿಡ್ಲೆ ಆಮೆಯ ಮರಿಗಳು ಅದೇ ಮರಳಿನಿಂದ ಕಡಲಿಗೆ ಇಳಿದವು. 2015ರಲ್ಲೇ ಕೋಸ್ಟರಿಕಾದ ಕಡಲಿನಲ್ಲಿ ಮೂಗಿನ ಹೊಳ್ಳೆಯಿಂದ ಸ್ಟ್ರಾ ಎಳೆಸಿಕೊಂಡ ಆಮೆಯ ವಿಡಿಯೊ ಲೋಕವೆಲ್ಲ ಹರಿದಾಡಿತ್ತು. ಅದೂ ಆಲಿವ್ ರಿಡ್ಲೆಯೇ.

ಬದಲಿ ವಸ್ತುವಿನ ಬಗ್ಗೆ ಉತ್ಸಾಹ ತೋರುವವರು ಬಹಳ. ತೆಂಗಿನ ಒಣಗರಿಯಿಂದ ಸ್ಟ್ರಾ ಮಾಡುವ ವಿಧಾನವನ್ನು ಬೆಂಗಳೂರಿನ ಕಾಲೇಜು ಪ್ರಾಧ್ಯಾಪಕರೊಬ್ಬರು ರೂಪಿಸಿದ್ದು ಸಂತೋಷದ ವಿಷಯ. ಜೋಳದ ಪಿಷ್ಟದಿಂದ ಮಾಡಿದ, ಕೊಳೆಯುವುದೆಂದು ಹೇಳಲಾಗುವ ಪ್ಲಾಸ್ಟಿಕ್ಕಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದು ಕೊಳೆಯಲು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖವಿರುವ ಕಾಂಪೋಸ್ಟ್ ಘಟಕ ಬೇಕು. ಪಾರ್ಕಿನ ಹಿತ್ತಿಲ ಗುಂಡಿಯಲ್ಲಾಗಲಿ ಸಮುದ್ರದಲ್ಲಾಗಲಿ ಅದು ಬೇಗ ಕರಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಬದಲಿ ಹುಡುಕುವುದಕ್ಕಿಂತ ಮೊದಲು, ಕೇಳದವರಿಗೆ ಕೊಡುವುದನ್ನು ನಿಲ್ಲಿಸಬೇಕು. ಫ್ಲೋರಿಡಾದ ಡಿಸ್ನಿ ಅನಿಮಲ್ ಕಿಂಗ್‌ಡಮ್ 1998ರಲ್ಲಿ ಆರಂಭವಾದಂದಿನಿಂದಲೂ ಅಲ್ಲಿನ ಪ್ರಾಣಿಗಳ ಸುರಕ್ಷತೆಗಾಗಿ ಪ್ಲಾಸ್ಟಿಕ್ ಸ್ಟ್ರಾವನ್ನೂ ತಂಪು ಪಾನೀಯಕ್ಕೆ ಮುಚ್ಚಳವನ್ನೂ ಕೊಡದೆ ನಡೆದುಬಂದಿದೆ. ಪ್ರಾಣಿಗಳಿಗಾಗಿ ಆಗುವುದು ಖಾಡಿಯ ಅಂಚಿನ ನಮ್ಮ ಪಾರ್ಕುಗಳಲ್ಲಿ ಏಕೆ ಆಗಬಾರದು?

ಸ್ಟ್ರಾ ನಿಜವಾಗಿ ಬೇಕಾದವರೂ ಇದ್ದಾರೆ ಎಂಬುದನ್ನು ಮರೆಯಬಾರದು. ಪಾರ್ಶ್ವವಾಯು ಬಡಿದ ನನ್ನ ಅಣ್ಣನಿಗೆ ಕೊನೆಯ ಎರಡು ವರ್ಷ ಬಾಗುವ ಸ್ಟ್ರಾ ಇಲ್ಲದೆ ನೀರು ಕುಡಿಸಲಾಗುತ್ತಿರಲಿಲ್ಲ. 1937ರಲ್ಲಿ ಅಮೆರಿಕದ ಜೋಸೆಫ್ ಫ್ರೀಡ್‌ಮನ್ ಪೇಟೆಂಟ್ ಪಡೆದ ಆ ಬಾಗುವ ಸ್ಟ್ರಾವನ್ನು ಮೊದಲು ಕೊಂಡದ್ದೂ ಆಸ್ಪತ್ರೆಗಳೇ. ಆದುದರಿಂದ ಗಲ್ಲಾದ ಹಿಂದೆ ಒಂದು ಡಬ್ಬಿ ಇರಲಿ, ಕೇಳಿದವರಿಗೆ ಪ್ರಶ್ನೆ ಮಾಡದೆ ಕೊಡಲಿ. ಬಿಸಿ ಕಾಫಿ ಹಿಡಿದು ಜನಸಂದಣಿಯಲ್ಲಿ ನಡೆಯಬೇಕಾದವರಿಗೆ ಮುಚ್ಚಳವನ್ನೂ ಹಾಗೆಯೇ ಕೊಡಲಿ.

ಉಳಿದವರಿಗೆ ತೊಳೆದ ಲೋಟ ಸಾಕು. ತೊಳೆಯಲು ನೀರು, ಆಳು ಎಲ್ಲಿಂದ ತರುವುದು ಎಂಬ ಆಕ್ಷೇಪ ಬರುತ್ತದೆ. ಲಕ್ಷಾಂತರ ಲೀಟರ್ ನೀರಿನಲ್ಲಿ ಕೃತಕ ಅಲೆ ಎಬ್ಬಿಸುವವರ ಬಾಯಲ್ಲಿ ಆ ಮಾತು ಅಷ್ಟು ಚೆನ್ನಾಗಿ ಕೇಳಿಸುವುದಿಲ್ಲ. ಲೋಟ ಕದ್ದೊಯ್ಯುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಈಜುಡುಗೆಗೂ ಲಾಕರಿನ ಕೀಲಿಗೂ ಡಿಪಾಸಿಟ್ ಪಡೆದು, ಸಂಜೆ ಲೆಕ್ಕ ತಪ್ಪದೆ ಹಿಂದಿರುಗಿಸುವ ವ್ಯವಸ್ಥೆ ಅಲ್ಲಿ ಈಗಾಗಲೇ ಇದೆ. ಸ್ಟೀಲ್ ಲೋಟಕ್ಕೂ ಅದೇ ಕಿಟಕಿ, ಅದೇ ಚೀಟಿ ಸಾಕಾಗುತ್ತದೆ. 2018ರ ಮಾರ್ಚ್ 23ರಂದು ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆ ಹೊರಡಿಸಿ ಜೂನ್ 23ರಿಂದ ದಂಡ ಹಾಕತೊಡಗಿದಾಗ, ಮೊದಲ ತಪ್ಪಿಗೇ 5,000 ರೂಪಾಯಿ ಎಂದು ಕೇಳಿ ನಮ್ಮ ಹೋಟೆಲಿನಲ್ಲಿಯೂ ಇನ್ನು ಪಾರ್ಸೆಲ್ ಮುಗಿಯಿತು ಎಂದು ತಲೆಯ ಮೇಲೆ ಕೈ ಹೊತ್ತಿದ್ದೆವು. ಸಾಂಬಾರನ್ನು ಪ್ಲಾಸ್ಟಿಕ್ ಚೀಲದಲ್ಲಲ್ಲದೆ ಬೇರೆ ಹೇಗೆ ಕೊಡುವುದೆಂದು ಯಾರಿಗೂ ಹೊಳೆದಿರಲಿಲ್ಲ. ಎರಡು ವಾರ ಕಿರಿಕಿರಿಯಾಯಿತು. ಮೂರನೆಯ ವಾರ ಗಿರಾಕಿಗಳೇ ಮನೆಯಿಂದ ಡಬ್ಬಿ ಹಿಡಿದು ಬರತೊಡಗಿದರು. ಡಬ್ಬಿ ಮರೆತವರಿಗೆ ನಾವು ಡಿಪಾಸಿಟ್ ಇಟ್ಟುಕೊಂಡು ಸ್ಟೀಲ್ ಡಬ್ಬಿ ಕೊಟ್ಟೆವು, ಹೆಚ್ಚಿನವು ಮರಳಿ ಬಂದವು.

ಮುಂಬಯಿ, ಠಾಣೆ, ನವಿ ಮುಂಬಯಿಯ ಕನ್ನಡ ಸಂಘಗಳಲ್ಲಿಯೂ, ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಕನ್ನಡ ಶಾಲೆಗಳಲ್ಲಿಯೂ ನನ್ನದೊಂದು ಕೋರಿಕೆ. ಬಸ್ಸು ತುಂಬ ಜನರಿಗೆ ಮುಂಗಡ ಟಿಕೆಟ್ ಕಾಯ್ದಿರಿಸುವಾಗ ತಲೆಗೆ ಇಷ್ಟು ರಿಯಾಯಿತಿ ಎಂದು ಚೌಕಾಸಿ ಮಾಡುತ್ತೇವೆ. ಅದರ ಜೊತೆಗೆ, ನಮ್ಮ ಗುಂಪಿನ ಊಟ ಮತ್ತು ಪಾನೀಯಗಳನ್ನು ಮುಚ್ಚಳ, ಸ್ಟ್ರಾ ಇಲ್ಲದೆ ತೊಳೆಯುವ ಲೋಟದಲ್ಲಿ ಕೊಡಬೇಕು, ಮಕ್ಕಳ ನೀರಿನ ಬಾಟಲಿಗಳನ್ನು ಒಳಗೆ ಬಿಡಬೇಕು ಎಂಬ ಷರತ್ತನ್ನೂ ಬರವಣಿಗೆಯಲ್ಲಿ ಪಡೆಯಬಹುದು. ಒಬ್ಬ ಗಿರಾಕಿಯ ಮಾತು ಅಂಗಡಿಯ ಹುಡುಗನವರೆಗೆ ಹೋಗಿ ನಿಲ್ಲುತ್ತದೆ, ಐವತ್ತು ಟಿಕೆಟಿನ ಮಾತು ಮ್ಯಾನೇಜರನ ಮೇಜಿಗೆ ತಲುಪುತ್ತದೆ. ಬರುವ ಬೇಸಿಗೆ ರಜೆಯ ಪ್ರವಾಸಕ್ಕೆ ನಮ್ಮ ಬಡಾವಣೆಯವರು ಇಂಥ ಪತ್ರವನ್ನು ಈಗಾಗಲೇ ಬರೆದಿಟ್ಟಿದ್ದೇವೆ. ಯಾವ ಪಾರ್ಕು ಒಪ್ಪುತ್ತದೋ ಅಲ್ಲಿಗೇ ಹೋಗುವುದೆಂದು ನಿಶ್ಚಯಿಸಿದ್ದೇವೆ.

ಇತಿ,
ಹಳೆಯ ಓದುಗ, ನಿವೃತ್ತ ಹೋಟೆಲ್ ನೌಕರ
ಡೊಂಬಿವಲಿ ಪೂರ್ವ