ಸುಹಾಸನ ಮದುವೆ ವಿಚಾರವಾಗಿ ಅಕ್ಕನಿಗೆ

ಡೆನ್‌ಪಸಾರ್, ಬಾಲಿ
ಗುರುವಾರ ರಾತ್ರಿ

ಅಕ್ಕನಿಗೆ, ಭಾವನವರಿಗೆ ನಮಸ್ಕಾರ. ಉಭಯ ಕುಶಲೋಪರಿ ಸಾಂಪ್ರತ. ಅಮ್ಮನ ಮಂಡಿನೋವು ಈಗ ಕಡಿಮೆ ಎಂದು ಗೀತಾ ಫೋನಿನಲ್ಲಿ ಹೇಳಿದಳು, ಸಮಾಧಾನವಾಯಿತು.

ನಿನ್ನ ಕಾಗದ ತಲುಪಿತು. ನಾಲ್ಕು ಪುಟದಲ್ಲಿ ಮೂರೂವರೆ ಪುಟ ಸುಹಾಸ ಇಲ್ಲಿನ ಹುಡುಗಿ ಕಡೆಕ್‌ಳನ್ನು ಮದುವೆಯಾಗುವ ವಿಚಾರವೇ ಇದೆ. ಒಬ್ಬನೇ ಮಗ, ಇರಬೇಕಾದ್ದೇ. ಮುಸಲ್ಮಾನರ ದೇಶವಂತೆ, ಯಾವ ಜಾತಿಯೋ, ಏನು ತಿನ್ನುತ್ತಾರೋ, ನಾಳೆ ನಮ್ಮ ಹುಡುಗ ನಮಗೆ ಉಳಿಯುತ್ತಾನೋ ಇಲ್ಲವೋ ಎಂದು ಕೇಳಿದ್ದೀಯ. ಮೊದಲ ಮೂರಕ್ಕೆ ನೀನು ಹೆದರಬೇಕಾಗಿಲ್ಲ. ಕೊನೆಯದೊಂದೇ ನಿಜವಾದ ಪ್ರಶ್ನೆ. ಅವರ ಊರು ತಬಾನನ್‌ನಲ್ಲಿ ಕಡೆಕ್‌ಳ ತಾಯಿಯೂ ಅದನ್ನೇ ಕೇಳುತ್ತಿದ್ದಾರೆ. ಅದನ್ನು ಬಿಟ್ಟು ನೀವು ಉಳಿದದ್ದನ್ನೆಲ್ಲ ಚರ್ಚೆ ಮಾಡುತ್ತಿದ್ದೀರಿ ಎಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಧರ್ಮದ ವಿಚಾರ. ಇಂಡೋನೇಷ್ಯಾದಲ್ಲಿ ಹೆಚ್ಚಿನವರು ಮುಸಲ್ಮಾನರು, ನಿಜ. ಆದರೆ ಬಾಲಿ ದ್ವೀಪದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನ ಹಿಂದೂಗಳು. ಸರ್ಕಾರ ಒಪ್ಪಿದ ಧರ್ಮಗಳು ಆರು: ಇಸ್ಲಾಂ, ಪ್ರಾಟೆಸ್ಟೆಂಟ್, ಕ್ಯಾಥೊಲಿಕ್, ಹಿಂದೂ, ಬೌದ್ಧ, ಕನ್‌ಫ್ಯೂಷಿಯಸ್ ಮತ. ಪ್ರತಿಯೊಬ್ಬರ ಗುರುತಿನ ಚೀಟಿಯಲ್ಲಿ ಧರ್ಮದ ಕಾಲಂ ಇರುತ್ತದೆ. ಬಾಲಿಯವರಿಗೆ ಆ ಕಾಲಂ ಪುಕ್ಕಟೆ ಸಿಕ್ಕಿದ್ದಲ್ಲ. ಸ್ವಾತಂತ್ರ್ಯದ ನಂತರದ ವರ್ಷಗಳಲ್ಲಿ ಧರ್ಮ ಸಚಿವಾಲಯ ಇವರದ್ದನ್ನು ಧರ್ಮವೆಂದೇ ಒಪ್ಪಿರಲಿಲ್ಲ, ಬರೀ ಊರಿನ ಆಚಾರ ಎಂದಿತ್ತು. ಒಬ್ಬನೇ ದೇವರು, ಒಂದು ಗ್ರಂಥ, ನಿತ್ಯದ ಪ್ರಾರ್ಥನೆ ತೋರಿಸಿ ಎಂದು ಕೇಳಿದಾಗ ಇವರ ಹಿರಿಯರು ಸಾಂಗ್ ಹ್ಯಾಂಗ್ ವಿಧಿ ಎಂಬ ಪರಮಾತ್ಮನನ್ನು ಮುಂದಿಟ್ಟು, ಭಾರತದಿಂದ ಬಂದು ನೆಲೆಸಿದ್ದ ನರೇಂದ್ರ ದೇವ ಪಂಡಿತ ಶಾಸ್ತ್ರಿಗಳಂಥವರ ನೆರವು ಪಡೆದು, ವರ್ಷಗಟ್ಟಲೆ ಹೋರಾಡಿದರು. 1958ರಲ್ಲಿ ಸಚಿವಾಲಯದೊಳಗೆ ಜಾಗ ಸಿಕ್ಕಿತು, 1959ರಲ್ಲಿ ಇಂದು ಪರಿಸದ ಹಿಂದೂ ಧರ್ಮ ಎಂದು ಕರೆಯುವ ಸಂಸ್ಥೆ ಹುಟ್ಟಿತು. ಈಗ ಶಾಲೆಯ ಮಕ್ಕಳೆಲ್ಲ ತ್ರಿಸಂಧ್ಯಾ ಹೇಳುತ್ತಾರೆ. ಅದರ ಮೊದಲ ಶ್ಲೋಕ ನಮ್ಮ ಗಾಯತ್ರಿಯೇ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರಕ್ಕೆ ಧ್ವನಿವರ್ಧಕದಲ್ಲಿ ಬರುತ್ತದೆ. ಭಾವನವರಿಗೆ ಇದನ್ನು ಓದಿ ಹೇಳು.

ಮದುವೆಗೆ ಈ ಕಾಲಂ ಬಹಳ ಮುಖ್ಯ. 1974ರ ಮದುವೆ ಕಾನೂನಿನಂತೆ ಯಾವುದಾದರೂ ಧರ್ಮದ ವಿಧಿಯಲ್ಲಿ ಆದದ್ದೇ ಮದುವೆ. ರಿಜಿಸ್ಟ್ರಾರ್ ಮುಂದೆ ಸಹಿ ಹಾಕಿದರೆ ಮಾತ್ರ ಸಾಲದು. ಹುಡುಗ ಹುಡುಗಿ ಬೇರೆ ಬೇರೆ ಧರ್ಮದವರಾದರೆ ನೋಂದಣಿಗೆ ಅನುಮತಿ ಕೊಡಬೇಡಿ ಎಂದು 2023ರಲ್ಲಿ ಸುಪ್ರೀಂ ಕೋರ್ಟು ಕೆಳಗಿನ ಕೋರ್ಟುಗಳಿಗೆ ಸುತ್ತೋಲೆ ಕಳಿಸಿದೆ. ಅಂಥ ಜೋಡಿಗಳಲ್ಲಿ ಒಬ್ಬರು ಧರ್ಮ ಬದಲಿಸುತ್ತಾರೆ, ಅನುಕೂಲವಿದ್ದವರು ಸಿಂಗಪುರಕ್ಕೋ ಇನ್ನೆಲ್ಲಿಗೋ ಹೋಗಿ ಮದುವೆಯಾಗಿ ಬರುತ್ತಾರೆ. ನಮ್ಮ ಸುಹಾಸನಿಗೆ ಆ ಕಷ್ಟವಿಲ್ಲ. ಒಂದೇ ತೊಡಕು: ನಮ್ಮ ಪಾಸ್‌ಪೋರ್ಟಿನಲ್ಲಿ ಧರ್ಮ ಬರೆದಿರುವುದಿಲ್ಲ. ಆದ್ದರಿಂದ ಇವನು ಹಿಂದೂ ಎಂಬುದಕ್ಕೆ ಪರಿಸದದವರು ಕಾಗದ ಕೇಳುತ್ತಾರೆ. ಇಲ್ಲದಿದ್ದರೆ ಹೊರಗಿನಿಂದ ಬರುವವರಿಗೆ ಮಾಡುವ ಶುದ್ಧಿ ವದಾನಿ ಎಂಬ ಸಣ್ಣ ವಿಧಿ ಮಾಡಿಸಿಕೊಳ್ಳಿ ಎನ್ನಬಹುದು. ಇದನ್ನು ಅವಮಾನವೆಂದು ತಿಳಿಯಬೇಡಿ. ನಮ್ಮ ಮಠದಿಂದಲೋ ದೇವಸ್ಥಾನದಿಂದಲೋ ಮುದ್ರೆಯಿರುವ ಪತ್ರ ತಂದಿಟ್ಟರೆ ಒಳ್ಳೆಯದು. ಅದಕ್ಕೂ ಒಪ್ಪದಿದ್ದರೆ ವಿಧಿ ಮಾಡಿಸಿದರಾಯಿತು, ಅದರಿಂದ ಅವನ ಜನಿವಾರಕ್ಕೇನೂ ಕುಂದಿಲ್ಲ.

ಜಾತಿಯ ಮಾತು ಬೇಗ ಮುಗಿಸುತ್ತೇನೆ. ಕಡೆಕ್ ಎಂದರೆ ಎರಡನೆಯವಳು ಎಂದಷ್ಟೇ, ಅವಳ ಅಕ್ಕನ ಹೆಸರು ಪುತು, ಮೊದಲನೆಯವಳು. ಇಲ್ಲಿನ ಬಹುಪಾಲು ಜನರ ಹಾಗೆ ಅವರದು ಪಟ್ಟದ ಹೆಸರಿಲ್ಲದ ಸಾಮಾನ್ಯ ಮನೆತನ, ಗದ್ದೆಯವರು. ಮೇಲು ಜಾತಿಯ ಹೆಣ್ಣು ಕೆಳಗಿನವನನ್ನು ಮದುವೆಯಾದರೆ ಗಡೀಪಾರು ಮಾಡುವ ಪದ್ಧತಿ ಒಂದು ಕಾಲಕ್ಕಿತ್ತು, 1951ರಲ್ಲಿ ಇವರ ಶಾಸನಸಭೆಯೇ ಅದನ್ನು ತೆಗೆದುಹಾಕಿತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ, ಇದನ್ನು ನಿಧಾನವಾಗಿ ಓದು.

ಆ ಮನೆಯಲ್ಲಿ ಗಂಡುಮಕ್ಕಳಿಲ್ಲ. ಪುತು ಮದುವೆಯಾಗಿ ಹೋಗಿಯಾಗಿದೆ. ಇಲ್ಲಿ ಪ್ರತಿ ಮನೆಯ ಆವರಣದ ಈಶಾನ್ಯದ ಮೂಲೆಯಲ್ಲಿ ಸಂಗಾ ಎಂಬ ಕುಲದೇವರ ಜಾಗವಿರುತ್ತದೆ. ಕಪ್ಪು ನಾರಿನ ಚಾವಣಿ ಹೊದಿಸಿದ ನಾಲ್ಕೈದು ಪುಟ್ಟ ಗುಡಿಗಳು, ಅದರಲ್ಲಿ ಮೂರು ಗೂಡಿರುವುದೊಂದು ಪಿತೃಗಳದು. ಮಗಳು ಮದುವೆಯಾಗಿ ಹೊರಡುವಾಗ ಅಲ್ಲಿ ಮೆಪಮಿತ್ ಎಂಬ ವಿಧಿ ಮಾಡಿ, ಇನ್ನು ನಾನು ಈ ಮನೆಯವಳಲ್ಲ ಎಂದು ಪಿತೃಗಳ ಅಪ್ಪಣೆ ಪಡೆಯುತ್ತಾಳೆ. ಕಡೆಕ್ ಅದನ್ನು ಮಾಡಿಬಿಟ್ಟರೆ ಆ ಸಂಗಾ ನೋಡಿಕೊಳ್ಳುವವರಿಲ್ಲ, ತಂದೆತಾಯಿಯ ದಹನ ಸಂಸ್ಕಾರವನ್ನು ಮುಂದೆ ನಿಂತು ಮಾಡುವವರಿಲ್ಲ, ಬಂಜಾರ್‌ನಲ್ಲಿ ಆ ಮನೆಯ ಹೆಸರೇ ಇರುವುದಿಲ್ಲ. ಬಂಜಾರ್ ಅಂದರೆ ನಮ್ಮ ಕೇರಿಗಿಂತ ಬಹಳ ಬಿಗಿಯಾದದ್ದು. ಮದುವೆಯಾದ ಪ್ರತಿ ಜೋಡಿ ಅದರ ಸದಸ್ಯರು. ಕುಲ್ಕುಲ್ ಎಂಬ ಮರದ ಕೊರಡು ಬಡಿದರೆ ದೇವಸ್ಥಾನದ ಕೆಲಸಕ್ಕೆ ಮನೆಗೊಬ್ಬರು ಹೋಗಬೇಕು, ಹೋಗದಿದ್ದರೆ ದಂಡ. ತೀರಾ ತಪ್ಪಿಸಿಕೊಂಡವರಿಗೆ ಬಹಿಷ್ಕಾರ ಹಾಕಿದ್ದೂ ಉಂಟು. ಆಮೇಲೆ ಹೆಣ ಎತ್ತಲೂ ಯಾರೂ ಬರುವುದಿಲ್ಲ.

ಈ ತರಹದ ಮನೆಗಳು ಈಗ ಹೆಚ್ಚಾಗಲು ಕಾರಣವಿದೆ. 1970ರಿಂದ ಸರ್ಕಾರ ಎರಡೇ ಮಕ್ಕಳು ಸಾಕು ಎಂದು ಊರೂರಲ್ಲಿ ಪ್ರಚಾರ ಮಾಡಿತು, ಬಾಲಿಯಲ್ಲಿ ಬಂಜಾರ್ ಸಭೆಗಳ ಮೂಲಕವೇ ಮಾಡಿದ್ದರಿಂದ ಚೆನ್ನಾಗಿ ನಾಟಿತು. ಅದರ ಜೊತೆಗೆ ಪ್ರವಾಸೋದ್ಯಮ ಬಂತು, ಗದ್ದೆ ಮಾರಿ ಡೆನ್‌ಪಸಾರ್, ಕುತಾ ಕಡೆ ಕೆಲಸಕ್ಕೆ ಬಂದವರಿಗೆ ಬಾಡಿಗೆ ಕೋಣೆಯಲ್ಲಿ ನಾಲ್ಕು ಮಕ್ಕಳನ್ನು ಸಾಕುವುದು ಎಲ್ಲಿ ಸಾಧ್ಯ? ಈಗ ನಾಲ್ಕನೆಯ ಮಗುವಿಗಿಡುವ ಕೆತುತ್ ಎಂಬ ಹೆಸರು ಅಪರೂಪವಾಗುತ್ತಿದೆಯೆಂದು ಸರ್ಕಾರವೇ ಗಾಬರಿಯಾಗಿ, 2019ರಲ್ಲಿ ಇಲ್ಲಿನ ಗವರ್ನರ್ ನಾಲ್ಕು ಮಕ್ಕಳಾದರೂ ಇರಲಿ ಎಂಬರ್ಥದ ಸೂಚನೆ ಹೊರಡಿಸಿದರು. ಕಡೆಕ್‌ಳ ತಂದೆತಾಯಿ ಸರ್ಕಾರದ ಮಾತು ನಂಬಿ ಇಬ್ಬರಿಗೇ ನಿಲ್ಲಿಸಿದವರು. ಅವರ ಸಂಕಟ ನಿನ್ನ ಸಂಕಟಕ್ಕಿಂತ ಸಣ್ಣದಲ್ಲ ಅಕ್ಕ.

ಇದಕ್ಕೆ ಇವರಲ್ಲಿ ದಾರಿಗಳಿವೆ. ಒಂದು ಸಾಮಾನ್ಯ ಮದುವೆ, ಹೆಣ್ಣು ಗಂಡನ ಮನೆಗೆ. ಅದಕ್ಕೆ ಅವರು ಒಪ್ಪಲಾರರು. ಇನ್ನೊಂದು ನ್ಯೆಂತಾನ, ನಮ್ಮ ಮನೆಅಳಿಯತನದ ಹಾಗೆ. ಹುಡುಗಿ ಮನೆಯ ವಾರಸುದಾರಳಾಗಿ ನಿಲ್ಲುತ್ತಾಳೆ, ಹುಡುಗ ತನ್ನ ಹುಟ್ಟಿದ ಮನೆಯ ಪಿತೃಕಾರ್ಯ ಬಿಟ್ಟು ಬರುತ್ತಾನೆ. ಕರಂಗಾಸೆಮ್ ಕಡೆಯಲ್ಲಿ ಇದನ್ನು ಹೀನಾಯವಾಗಿ ಕಾಣುತ್ತಾರೆ, ತಬಾನನ್‌ನಲ್ಲಿ ಮಾಮೂಲು. ಅವರು ಮೊದಲು ಇದನ್ನೇ ಕೇಳುತ್ತಾರೆ. ಇದಕ್ಕೆ ಮಾತ್ರ ಯಾರೂ ಸಂಕೋಚಕ್ಕೆ ಬಿದ್ದು ತಲೆಯಾಡಿಸಬೇಡಿ. ಸುಹಾಸ ಹುಡುಗುತನದಲ್ಲಿ ಹೂಂ ಅಂದುಬಿಟ್ಟಾನು. ನಾಳೆ ಭಾವನವರ ಕಾರ್ಯ ಯಾರು ಮಾಡಬೇಕು?

ಮೂರನೆಯದು ಪಡ ಗೆಲಹಂಗ್, ಇಬ್ಬರಿಗೂ ಸೇರಿದ್ದು. ಎರಡೂ ಕಡೆ ಒಬ್ಬೊಬ್ಬರೇ ಮಕ್ಕಳಿರುವ ಮನೆಗಳಲ್ಲಿ ಈಚಿನ ದಶಕಗಳಲ್ಲಿ ಹೆಚ್ಚುತ್ತಿರುವ ಪದ್ಧತಿ. ಮದುವೆ ಎರಡೂ ಮನೆಯಲ್ಲಿ ಆಗುತ್ತದೆ, ಮೆಪಮಿತ್ ಮಾಡುವುದೇ ಇಲ್ಲ, ಹುಡುಗ ಹುಡುಗಿ ಎರಡೂ ಮನೆಯ ಹೊಣೆ ಹೊರುತ್ತಾರೆ. ನನ್ನ ಮನಸ್ಸಿಗೆ ಇದೊಂದೇ ಸರಿ ಕಾಣುವುದು. ಬಾಯಿಮಾತಲ್ಲಿ ಬಿಡಬಾರದು. ಮದುವೆಗೆ ಮೊದಲೇ ಎರಡೂ ಕಡೆಯ ಹಿರಿಯರು ಸಹಿ ಹಾಕಿದ ಒಪ್ಪಂದವಾಗಬೇಕು. ಯಾವ ಮಗು ಯಾವ ಮನೆಯ ವಾರಸು, ಒಂದೇ ಮಗುವಾದರೆ ಹೇಗೆ, ಸಂಗಾದ ಹಬ್ಬಕ್ಕೆ ಇವರು ವರ್ಷಕ್ಕೆ ಎಷ್ಟು ಸಲ ಬರಬೇಕು, ಬಂಜಾರ್ ಕೆಲಸಕ್ಕೆ ಬದಲಾಗಿ ಹಣ ಕಟ್ಟಿದರೆ ನಡೆಯುತ್ತದೆಯೇ, ಎಲ್ಲ ಬರೆಸಬೇಕು. ಜಗಳ ಆಗುವುದು ಮದುವೆಯ ದಿನವಲ್ಲ, ಮೊದಲ ಮಗು ಹುಟ್ಟಿದ ಮೇಲೆ. ಇಬ್ಬರೂ ಬಾಲಿಯವರಾದರೆ ಎರಡು ಬಂಜಾರ್‌ಗಳು ಸಾಕ್ಷಿಗಿರುತ್ತವೆ. ನಮ್ಮ ಕಡೆ ಅದಿಲ್ಲ. ಪರದೇಶದವನಿಗೆ ಊರಿನಲ್ಲಿ ಯಾವ ಸ್ಥಾನ ಎಂಬುದು ಆಯಾ ಊರಿನ ಕಟ್ಟಳೆಗೆ ಬಿಟ್ಟದ್ದು. ಹಾಗಾಗಿ ಅವರ ಬಂಜಾರ್ ಮುಖ್ಯಸ್ಥರನ್ನು ಮೊದಲೇ ಕಂಡು ಕೇಳಲೇಬೇಕು. ಅದು ನನ್ನ ಜವಾಬ್ದಾರಿ, ಸೋದರಮಾವ ಇರುವುದು ಮತ್ತೇತಕ್ಕೆ.

ಆಸ್ತಿ ಬಗ್ಗೆಯೂ ಹೇಳಿಬಿಡುತ್ತೇನೆ. 2010ರಲ್ಲಿ ಇವರ ಗ್ರಾಮಗಳ ಮಹಾಸಭೆ ಹೆಣ್ಣುಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಪಾಲುಂಟು ಎಂದು ತೀರ್ಮಾನಿಸಿದೆ. ಆದರೆ 1960ರ ಭೂಮಿ ಕಾನೂನಿನಂತೆ ಪರದೇಶದವರಿಗೆ ಇಲ್ಲಿ ಪೂರ್ಣ ಹಕ್ಕಿನ ಜಮೀನು ಇರುವಂತಿಲ್ಲ. ಗಂಡಹೆಂಡಿರ ಆಸ್ತಿ ಜಂಟಿ ಎಂದಾದರೆ ಮದುವೆಯ ನಂತರ ಅವಳು ಕೊಳ್ಳುವ ಜಮೀನಿಗೂ ತಕರಾರು ಬರುತ್ತದೆ. ನೋಟರಿ ಮುಂದೆ ಆಸ್ತಿ ಬೇರೆ ಬೇರೆ ಎಂಬ ಕರಾರು ಮಾಡಿಸಿದರೆ ಮುಗಿಯಿತು. ಮದುವೆಯಾದ ಮೇಲೂ ಮಾಡಬಹುದೆಂದು 2016ರಲ್ಲಿ ಸಂವಿಧಾನ ನ್ಯಾಯಾಲಯ ಹೇಳಿದೆ, ಆದರೂ ಮೊದಲೇ ಮಾಡುವುದು ಲೇಸು. ಆ ಜಮೀನಿನ ಮೇಲೆ ನಮಗೆ ಆಸೆಯಿಲ್ಲ ಎಂಬುದೂ ಅವರಿಗೆ ತಿಳಿದ ಹಾಗಾಗುತ್ತದೆ.

ಊರಿನಲ್ಲಿ ಭಾವನವರು ಈಗಲೇ ಮಾಡಬೇಕಾದದ್ದು ಜನನ ಪ್ರಮಾಣಪತ್ರದ ಕೆಲಸ. ಪುರಸಭೆಯ ಹಳೆ ಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದುಂಟು, ನೋಡಿ. ಖಾಲಿಯಿದ್ದರೆ ಹೆಸರು ಸೇರಿಸಿ ಹೊಸ ಪ್ರತಿ ತೆಗೆಸಬೇಕು. ಪಾಸ್‌ಪೋರ್ಟಿನಲ್ಲಿ ಭಾವನವರ ಹೆಸರು ಬಿಡಿಸಿ ಬರೆದು, ಪ್ರಮಾಣಪತ್ರದಲ್ಲಿ ಬರೀ ಇನಿಷಿಯಲ್ ಇದ್ದರೆ ಇಲ್ಲಿನವರು ಇಬ್ಬರು ಬೇರೆ ಮನುಷ್ಯರೆಂದೇ ಹೇಳುತ್ತಾರೆ. ಅಕ್ಷರ ಅಕ್ಷರ ಹೊಂದಬೇಕು. ಆಮೇಲೆ ರಾಜ್ಯದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್, ಅಂದರೆ ಪರದೇಶದಲ್ಲೂ ನಡೆಯುವ ದೃಢೀಕರಣದ ಮುದ್ರೆ. 2022ರ ಜೂನ್‌ನಿಂದ ಇಂಡೋನೇಷ್ಯಾ ಅಪೋಸ್ಟಿಲ್ ಒಪ್ಪುತ್ತದೆ. ಅವಿವಾಹಿತ ಎಂಬ ಅಫಿಡವಿಟ್ಟಿಗೂ ಇದೇ ದಾರಿ. ಇವೆರಡು ಬಂದ ಮೇಲೆ ನಮ್ಮ ದೂತಾವಾಸದಿಂದ ಮದುವೆಗೆ ಅಡ್ಡಿಯಿಲ್ಲವೆಂಬ ಪತ್ರ, ಪ್ರಮಾಣಿತ ಅನುವಾದಕರಿಂದ ತರ್ಜುಮೆ, ಎಲ್ಲ ನಾನು ನೋಡಿಕೊಳ್ಳುತ್ತೇನೆ. ಪುರೋಹಿತರ ಮುಂದೆ ಮದುವೆಯಾದ 60 ದಿನದೊಳಗೆ ಚಾತತಾನ್ ಸಿಪಿಲ್ ಎಂಬ ಜನನ ಮರಣ ಮದುವೆ ದಾಖಲಿಸುವ ಸರ್ಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಅದನ್ನು ತಪ್ಪಿಸಿದರೆ ನಾಳೆ ಅವಳ ವೀಸಾಕ್ಕೂ ತೊಂದರೆ. ನೋಂದಣಿಯಾಗಿ ಎರಡು ವರ್ಷ ಸಂಸಾರ ನಡೆದ ಮೇಲೆ ಅವಳು ಭಾರತಕ್ಕೆ ಬಂದು ಇರಲು ಬೇಕಾದ ಓಸಿಐ (ಸಾಗರೋತ್ತರ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬಹುದು.

ಮುಹೂರ್ತ ಅವರೇ ತೆಗೆಯುತ್ತಾರೆ. ಗಲುಂಗನ್ ಹಬ್ಬ 210 ದಿನಕ್ಕೊಮ್ಮೆ ಬರುತ್ತದೆ, ಅಲ್ಲಿಂದ 35 ದಿನ ಮದುವೆ ಮಾಡುವುದಿಲ್ಲ. ನ್ಯೆಪಿ ದಿನಕ್ಕೆ ಮಾತ್ರ ಟಿಕೆಟ್ ತೆಗೆಯಬೇಡಿ, ಅವತ್ತು ಶಕ ವರ್ಷದ ಮೊದಲ ದಿನ, ವಿಮಾನ ನಿಲ್ದಾಣವೇ 24 ಗಂಟೆ ಮುಚ್ಚಿರುತ್ತದೆ. ಬೆಂಕಿಯಿಲ್ಲ, ದೀಪವಿಲ್ಲ, ರಸ್ತೆಗಿಳಿಯುವಂತಿಲ್ಲ, ಮೊಬೈಲ್ ಇಂಟರ್ನೆಟ್ ಕೂಡ ನಿಲ್ಲಿಸುತ್ತಾರೆ. 2026ರಲ್ಲಿ ನಮ್ಮ ಯುಗಾದಿಯೂ ಅದೂ ಒಂದೇ ದಿನ, ಮಾರ್ಚ್ 19. ಇಡೀ ದ್ವೀಪ ಒಂದು ದಿನ ಮೌನವಾಗಿ ಕೂರುವುದನ್ನು ಬೇರೆಲ್ಲಿ ಕಾಣುತ್ತೀಯ? ವೀಸಾ ಇಳಿದಲ್ಲೇ ಕೊಡುತ್ತಾರೆ, 30 ದಿನಕ್ಕೆ ಐದು ಲಕ್ಷ ರುಪಿಯಾ. ಹೌಹಾರಬೇಡ, ನಮ್ಮ ದುಡ್ಡಿನಲ್ಲಿ ಮೂರು ಸಾವಿರದ ಆಸುಪಾಸು.

ಊಟ: ಅವರು ಹಂದಿ ಮಾಂಸ ತಿನ್ನುತ್ತಾರೆ, ಹಬ್ಬಕ್ಕೆ ಅದೇ ವಿಶೇಷ. ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಅನ್ನ ಮಾಡಿದ ತಕ್ಷಣ ಬಾಳೆಲೆಯ ಚೂರಿನಲ್ಲಿ ಒಂದೊಂದು ಚಿಟಿಕೆ ಒಲೆಗೆ, ನೀರಿಗೆ, ಬಾಗಿಲಿಗೆ, ಸಂಗಾಕ್ಕೆ ಇಟ್ಟೇ ತಾವು ತಿನ್ನುವುದು. ಕಡೆಕ್‌ಳ ತಾಯಿ ತೆಂಗಿನ ಎಳೆಗರಿಯನ್ನು ಬಿದಿರ ಕಡ್ಡಿಯಿಂದ ಚುಚ್ಚಿ ಚೌಕದ ಬುಟ್ಟಿ ಮಾಡಿ, ಪೂರ್ವಕ್ಕೆ ಬಿಳಿ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ನೀಲಿ ಹೂವಿಟ್ಟು ದಿನಾ ಪೂಜೆ ಮಾಡುತ್ತಾರೆ. ಇಲ್ಲಿ ಪೇಟೆಯಲ್ಲಿ ಎಲ್ಲರೂ ಸಂತೆಯಲ್ಲಿ ಕಟ್ಟುಗಟ್ಟಲೆ ಕೊಳ್ಳುವುದಾಗಿದೆ, ಅವರು ಇನ್ನೂ ಕೈಯಾರೆ ಹೆಣೆಯುತ್ತಾರೆ. ನೀನು ಅವರ ಜೊತೆ ಕೂತರೆ ಭಾಷೆ ಬೇಕಾಗುವುದಿಲ್ಲ. ನಿಮಗೆ ಸೋಯಾ ಕಾಳಿನಿಂದ ಮಾಡುವ ತಾಹು, ತೆಂಪೆ, ಜೊತೆಗೆ ಸೊಪ್ಪು, ಅನ್ನ ಧಾರಾಳ. ಚಟ್ನಿಯಲ್ಲಿ ಮಾತ್ರ ಸಿಗಡಿ ಹುದುಗಿಸಿ ಮಾಡಿದ ತೆರಾಸಿ ಹಾಕಿರುತ್ತಾರೆ, ತರಕಾರಿ ಪಲ್ಯಕ್ಕೂ ಹಾಕುತ್ತಾರೆ. ಅದನ್ನು ಬೇಡವೆಂದು ಮೊದಲೇ ಹೇಳಿಸುತ್ತೇನೆ. ಅಡುಗೆಗೆ ನಮ್ಮ ಮನೆಯೇ ಇದೆಯಲ್ಲ, ಕುಕ್ಕರ್, ಹುಣಸೆಹಣ್ಣು, ಬೇಳೆ ಎಲ್ಲ ಇದೆ. ನೀನು ಸಾರಿನ ಪುಡಿ ಮಾತ್ರ ತಾ.

ಹುಡುಗಿ ಒಳ್ಳೆಯವಳು, ಓದಿದವಳು, ದೊಡ್ಡವರ ಮುಂದೆ ತಗ್ಗಿ ನಡೆಯುವವಳು. ಸುಹಾಸ ಆರೋಗ್ಯವಾಗಿದ್ದಾನೆ, ಸರಿಯಾಗಿ ಊಟ ಮಾಡುತ್ತಿದ್ದಾನೆ, ಯಾರೂ ಅವನಿಗೆ ಮಂಕುಬೂದಿ ಎರಚಿಲ್ಲ. ಏನೂ ಚಿಂತೆ ಮಾಡಬೇಡ, ಖಂಡಿತ ಮಾಡಬೇಡ, ರಾತ್ರಿ ನಿದ್ದೆಗೆಟ್ಟು ಬಿಪಿ ಏರಿಸಿಕೊಳ್ಳಬೇಡ. ನಾನಿದ್ದೇನೆ. ಮುಂದಿನ ವಾರ ತಬಾನನ್‌ಗೆ ಹೋಗಿ ಬಂಜಾರ್‌ನವರ ಮಾತು ಕೇಳಿಕೊಂಡು ಬಂದು ಫೋನ್ ಮಾಡುತ್ತೇನೆ, ಅಲ್ಲಿಯತನಕ ಅವರ ಮನೆಗೆ ಹೌದು ಅಲ್ಲ ಏನೂ ಹೇಳಬೇಡಿ. ಜನನ ಪತ್ರದ ಫೋಟೋ ತೆಗೆದು ಇವತ್ತೇ ಕಳಿಸಲು ಭಾವನವರಿಗೆ ಹೇಳು.

ಊರಿಗೆ ಹೊರಟವರೊಬ್ಬರ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ, ಅವರು ಹೊರಗೆ ಕಾಯುತ್ತಿದ್ದಾರೆ. ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿನ್ನ ತಮ್ಮ,
ರಘು