ಭಾನುವಾರದ ಚರ್ಚೆ: ರಕ್ತದ ಹರಿವು

ಎಲ್ಲರಿಗೂ ನಮಸ್ಕಾರ. ಬರುವ ಮುಂಚೆ ಒಂದು ಲೆಕ್ಕ ನೋಡಿಕೊಳ್ಳಿ. ಸಣ್ಣ ಕೊಳವೆಯ ತ್ರಿಜ್ಯ ಅರ್ಧಕ್ಕಿಳಿದರೆ, ಅದೇ ಒತ್ತಡದಲ್ಲಿ ಹರಿವು ಅರ್ಧವಾಗುವುದಿಲ್ಲ, 16ರಲ್ಲಿ 1 ಪಾಲಿಗೆ ಕುಸಿಯುತ್ತದೆ! ಇದನ್ನು ಗಾಜಿನ ನಳಿಕೆಗಳಲ್ಲಿ ಅಳೆದು ತೋರಿಸಿದ ಫ್ರಾನ್ಸಿನ ವಿಜ್ಞಾನಿ ಪ್ವಾಸೇಯ್ ವೈದ್ಯಶಾಸ್ತ್ರ ಓದಿದವರು.

ನನಗೆ ಬಹಳ ಮುಖ್ಯ ಅನ್ನಿಸುವುದು ಕತ್ತಿನ ಧಮನಿ ಕವಲೊಡೆಯುವ ಜಾಗ. ಅಲ್ಲಿ ಹೊರಗೋಡೆಯ ಪಕ್ಕ ರಕ್ತ ನಿಧಾನವಾಗಿ ಹಿಂದೆಮುಂದೆ ಸುಳಿಯುತ್ತದೆ. ಕೊಬ್ಬು ಕಟ್ಟಿಕೊಳ್ಳುವುದೂ ಹೆಚ್ಚಾಗಿ ಅಲ್ಲೇ.

ಹೃದಯದ ಬ್ಲಾಕ್‌ಗೆ ಸ್ಟೆಂಟ್ ಬೇಕೋ ಬೇಡವೋ ಎಂದು ತೀರ್ಮಾನಿಸಲು ಬ್ಲಾಕ್ ದಾಟಿದ ಮೇಲಿನ ಒತ್ತಡಕ್ಕೂ ಬ್ಲಾಕ್‌ಗೆ ಮುಂಚಿನ ಒತ್ತಡಕ್ಕೂ ಇರುವ ಅನುಪಾತ (ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ) ನೋಡುತ್ತಾರೆ. 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹರಿವಿಗೆ ಅಡ್ಡಿಯಾಗಿದೆ ಎಂದರ್ಥ. ಈಗ ಸಿಟಿ ಸ್ಕ್ಯಾನ್ ಚಿತ್ರದಿಂದಲೇ ಕಂಪ್ಯೂಟರ್ ಇದನ್ನು ಅಂದಾಜು ಮಾಡಬಲ್ಲದು.

ಪ್ರಶ್ನೆಗಳನ್ನು ಶನಿವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ದಯವಿಟ್ಟು ಯಾರ ವೈದ್ಯಕೀಯ ವರದಿಯನ್ನೂ ಗುಂಪಿಗೆ ಕಳಿಸಬೇಡಿ.