ಅಪ್ಪಯ್ಯ, ತೋಟದ ಪಹಣಿಯನ್ನು ಯಾರ ಕೈಗೂ ಕೊಡಬೇಡಿ

ಹ್ಯೂಸ್ಟನ್, ಟೆಕ್ಸಸ್
15 ಜೂನ್ 2025

ತೀರ್ಥರೂಪರಾದ ಅಪ್ಪಯ್ಯನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾವು ಮೂವರೂ ಇಲ್ಲಿ ಕ್ಷೇಮ. ಅಲ್ಲಿ ಮಳೆ ಹಿಡಿದಿದೆ ಎಂದು ಅಮ್ಮ ಹೇಳಿದಳು. ಅಡಿಕೆಯ ಕೊಳೆರೋಗಕ್ಕೆ ಮೊದಲನೇ ಔಷಧಿ ಹೊಡೆದಾಯಿತೇ? ಎಲೆಚುಕ್ಕಿ ರೋಗ ಮೇಲಿನ ತೋಟಕ್ಕೂ ಹಬ್ಬಿದೆ ಎಂದು ಕೇಳಿ ಎರಡು ದಿನ ಮನಸ್ಸು ಸರಿ ಇರಲಿಲ್ಲ.

ಫೋನಿನಲ್ಲಿ ಹೇಳಲಾಗದ ಮಾತು ಇದೆ, ಅದಕ್ಕೇ ಪತ್ರ. ನೀವು ಸ್ಪೀಕರ್ ಹಾಕಿ ಮಾತಾಡುತ್ತೀರಿ, ಸುತ್ತ ಎಲ್ಲರೂ ಇರುತ್ತಾರೆ, ಅಣ್ಣನ ಮಗಳು ಪುಟ್ಟಿಯ ಮುಖ ಸಣ್ಣದಾಗುತ್ತದೆ. ಅವಳ ನರ್ಸಿಂಗ್ ಮುಗಿಯುತ್ತಿದ್ದಂತೆ ಅಮೆರಿಕಕ್ಕೆ ಕಳುಹಿಸುತ್ತೇನೆ, ಎರಡು ವರ್ಷದೊಳಗೆ ವೀಸಾ, ತಿಂಗಳಿಗೆ ಐದೂವರೆ ಲಕ್ಷ ಸಂಬಳ ಎಂದು ಆ ಏಜೆಂಟ್ ಹೇಳಿದ್ದಾನಂತೆ. ಅವನಿಗೆ ಕೊಡುವ ಹನ್ನೆರಡು ಲಕ್ಷಕ್ಕೆ ಕೆಳಗಿನ ತೋಟ ಅಡವಿಡುವ ಯೋಚನೆ ಅಣ್ಣನದು. ಅಪ್ಪಯ್ಯ, ಈ ಪತ್ರ ಪೂರ್ತಿ ಓದುವ ತನಕ ಪಹಣಿಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಬೇಡಿ.

ಐದೂವರೆ ಲಕ್ಷ ಎನ್ನುವುದು ಸುಳ್ಳು ಲೆಕ್ಕವೇನೂ ಅಲ್ಲ. ಇಲ್ಲಿ ನರ್ಸ್ ಆಗಿರುವ ನನ್ನ ಸಂಬಳವೇ ಅಷ್ಟು. ಗಂಟೆಗೆ 38 ಡಾಲರ್, ರಾತ್ರಿ ಪಾಳಿಗೆಂದು ಮೇಲೆ 4 ಡಾಲರ್. ವಾರಕ್ಕೆ ಹನ್ನೆರಡು ಗಂಟೆಯ ಮೂರು ಪಾಳಿ. ತಿಂಗಳಿಗೆ ಸುಮಾರು 6,550 ಡಾಲರ್ ಆಗುತ್ತದೆ. 85ರಿಂದ ಗುಣಿಸಿದರೆ ಐದೂವರೆ ಲಕ್ಷ. ಆದರೆ ನಾನು ಅಕ್ಕಿ ಕೊಳ್ಳುವುದು, ಬಾಡಿಗೆ ಕಟ್ಟುವುದು ಡಾಲರಿನಲ್ಲಿ.

ಸಂಬಳದ ಚೀಟಿ ಈಗ ನನ್ನ ಮುಂದೆಯೇ ಇದೆ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಅದೊಂದು ಉಳಿತಾಯ. ಕೇಂದ್ರ ಸರಕಾರದ ತೆರಿಗೆ ಇದೆ, ಸೋಷಿಯಲ್ ಸೆಕ್ಯುರಿಟಿ ಎಂಬ ಸರಕಾರಿ ಪಿಂಚಣಿಗೆ ಮತ್ತು ಮೆಡಿಕೇರ್ ಎಂಬ ಮುಪ್ಪಿನ ಆರೋಗ್ಯ ವಿಮೆಗೆಂದು ನೂರಕ್ಕೆ 7.65 ಹೋಗುತ್ತದೆ, ಮೂವರ ಆರೋಗ್ಯ ವಿಮೆಯ ಕಂತು, ನಿವೃತ್ತಿಗೆಂದು ಇಡುವ ಸ್ವಲ್ಪ ಹಣ. ಎಲ್ಲ ಕಳೆದು ಕೈಗೆ ಬರುವುದು ತಿಂಗಳಿಗೆ 5,000. ಮನೆ ಬಾಡಿಗೆ 1,500. ಕರೆಂಟು, ನೀರು 250; ಈ ಸೆಕೆಯಲ್ಲಿ ಎಸಿ ಆರಿಸಿದರೆ ಮನೆಯೊಳಗೆ ಕುಳಿತುಕೊಳ್ಳುವುದೇ ಕಷ್ಟ. ಕಾರಿನ ಕಂತು 420, ಅದರ ವಿಮೆ 210, ಪೆಟ್ರೋಲು 120. ಕಾರು ಶೋಕಿಗಲ್ಲ ಅಪ್ಪಯ್ಯ, ನಮ್ಮ ಬಡಾವಣೆಯಿಂದ ಪಾಳಿಯ ಹೊತ್ತಿಗೆ ಆಸ್ಪತ್ರೆ ಮುಟ್ಟಿಸುವ ಬಸ್ ಇಲ್ಲ. ದಿನಸಿ, ಹಾಲು, ತರಕಾರಿಗೆ 650. ಫೋನು, ಇಂಟರ್ನೆಟ್ 140. ನಿಮ್ಮ ಅಳಿಯಂದಿರಿಗೆ ಕುವೈತಿನ ಅನುಭವ ಇಲ್ಲಿ ಉಪಯೋಗಕ್ಕೆ ಬರಲಿಲ್ಲ, ಹೊಸದಾಗಿ ಸೇರಿರುವ ಕೋರ್ಸಿಗೆ 450. ಉಳಿಯುವುದು 1,260. ಅದರಲ್ಲಿ 500 ನಿಮಗೆ ಬರುತ್ತದೆ, ಮಿಕ್ಕಿದ್ದು ಬ್ಯಾಂಕಿಗೆ.

ಆ ಮಿಕ್ಕಿದ್ದೂ ನಿಲ್ಲುವುದಿಲ್ಲ. ಚಳಿಗಾಲದಲ್ಲಿ ಮಗ ಸೈಕಲ್ಲಿನಿಂದ ಬಿದ್ದು ಮೊಣಕೈ ಮುರಿದುಕೊಂಡದ್ದು ನಿಮಗೆ ಗೊತ್ತು. ವಿಮೆ ಇದ್ದೂ ನಮ್ಮ ಪಾಲಿಗೆ 2,300 ಡಾಲರ್ ಬಂತು. ಮೂರು ತಿಂಗಳು ಕೂಡಿಟ್ಟದ್ದು ಒಂದೇ ಬಿಲ್ಲಿಗೆ ಹೋಯಿತು. ಆಸ್ಪತ್ರೆಯಲ್ಲೇ ದುಡಿಯುವ ನನಗೆ ಅವತ್ತು ಬಹಳ ದುಃಖವಾಯಿತು.

ಅಮೆರಿಕ ಎಂದರೆ ಒಂದೇ ಊರಲ್ಲ. ಸರಕಾರದ 2023ರ ಲೆಕ್ಕದ ಪ್ರಕಾರ ನೋಂದಾಯಿತ ನರ್ಸ್ ಒಬ್ಬರ ಸರಾಸರಿ ಸಂಬಳ ಟೆಕ್ಸಸ್‌ನಲ್ಲಿ ವರ್ಷಕ್ಕೆ ಸುಮಾರು 90,000 ಡಾಲರ್, ಕ್ಯಾಲಿಫೋರ್ನಿಯಾದಲ್ಲಿ ಸುಮಾರು 1,37,000. ನಾನು ಏಜೆನ್ಸಿಯ ಕರಾರಿನ ಮೇಲೆ ಬಂದವಳಾದ್ದರಿಂದ ಇಲ್ಲಿಯ ಸರಾಸರಿಯನ್ನೂ ಮುಟ್ಟಿಲ್ಲ. ಮೂರು ವರ್ಷದ ಕರಾರು 2027ಕ್ಕೆ ಮುಗಿಯುತ್ತದೆ. ನಡುವೆ ಬಿಟ್ಟರೆ 20,000 ಡಾಲರ್ ಕಟ್ಟಬೇಕೆಂದು ಬರೆಸಿಕೊಂಡಿದ್ದಾರೆ. ಸಹಿ ಹಾಕುವಾಗ ಆ ಪುಟವನ್ನು ನಾನು ಸರಿಯಾಗಿ ಓದಲಿಲ್ಲ. ಪುಟ್ಟಿ ಓದಬೇಕು.

ಕುವೈತಿನಲ್ಲಿ ನನ್ನ ಜೊತೆಗಿದ್ದ ಮಂಗಳೂರಿನ ಗೆಳತಿ ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾಳೆ. ನನಗಿಂತ ಎಷ್ಟೋ ಹೆಚ್ಚು ಸಂಬಳ. ಅವಳ ಎರಡು ಕೋಣೆಯ ಮನೆಗೆ 3,200 ಬಾಡಿಗೆ, ರಾಜ್ಯದ ತೆರಿಗೆ ಬೇರೆ. ಇಷ್ಟಾದರೂ ಅವಳನ್ನು ಕಂಡರೆ ನನಗೆ ಆಸೆಯಾಗುತ್ತದೆ, ಮತ್ತು ಅದು ಸಂಬಳಕ್ಕಲ್ಲ. ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಎಂದು ಅಲ್ಲಿ ಕಾನೂನೇ ಇದೆ. 1999ರಲ್ಲಿ ಅಂಗೀಕಾರವಾಗಿ 2004ರಿಂದ ಜಾರಿಗೆ ಬಂದದ್ದು. ಸಾಮಾನ್ಯ ವಾರ್ಡಿನಲ್ಲಿ ಐವರಿಗಿಂತ ಹೆಚ್ಚು ರೋಗಿಗಳನ್ನು ಒಬ್ಬರಿಗೆ ಕೊಡುವಂತಿಲ್ಲ, ತೀವ್ರ ನಿಗಾ ಘಟಕದಲ್ಲಿ ಇಬ್ಬರು. ಟೆಕ್ಸಸ್‌ನಲ್ಲಿ ಅಂತಹ ಕಾನೂನಿಲ್ಲ.

ಮಾರ್ಚ್ ತಿಂಗಳ ಒಂದು ರಾತ್ರಿ ನನಗೆ ಏಳು ಮಂದಿ. ಹನ್ನೊಂದನೇ ಕೋಣೆಯ ಅಜ್ಜ ನಿಮ್ಮ ವಯಸ್ಸಿನವರು, ಉಸಿರಾಟದ ತೊಂದರೆ. ಒಂಟಿಯಾಗಿರಲು ಹೆದರಿ ನನ್ನ ತೋಳು ಹಿಡಿದುಕೊಂಡಿದ್ದರು. ಹೊರಗೆ ಬೇರೆ ಕೋಣೆಯ ಅಲಾರಂ. ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಓಡಿದೆ. ತಿರುಗಿ ಬರುವಾಗ ನಲವತ್ತು ನಿಮಿಷವಾಗಿತ್ತು. ಏನೂ ಅನಾಹುತವಾಗಿರಲಿಲ್ಲ, ಆದರೆ ಅವರು ಬಾಗಿಲನ್ನೇ ನೋಡುತ್ತಾ ಕುಳಿತಿದ್ದರು. ಇಲ್ಲಿ 'ಸೇಫ್ ಹಾರ್ಬರ್' ಎಂಬ ಅರ್ಜಿ ಇದೆ. ಕೊಟ್ಟ ಕೆಲಸ ರೋಗಿಗೆ ಅಪಾಯ ಎನಿಸಿದರೆ ನರ್ಸ್ ಅದನ್ನು ಬರೆದುಕೊಡಬಹುದು, ಅದರಿಂದ ಅವಳ ಲೈಸೆನ್ಸಿಗೆ ರಕ್ಷಣೆ ಸಿಗುತ್ತದೆ. ಮುಂದಿನ ಪಾಳಿಯಲ್ಲಿ ಮತ್ತೆ ಏಳು ಮಂದಿಯನ್ನು ಕೊಟ್ಟಾಗ ಬರೆದುಕೊಟ್ಟೆ. ಕೈ ನಡುಗುತ್ತಿತ್ತು. ಪುಟ್ಟಿ ಎಲ್ಲಿಗೇ ಹೋಗಲಿ, ಮಣಿಪಾಲವಾಗಲಿ ಬೆಂಗಳೂರಾಗಲಿ ಅಮೆರಿಕವಾಗಲಿ, ಸಂಬಳಕ್ಕಿಂತ ಮೊದಲು ಒಬ್ಬರಿಗೆ ಎಷ್ಟು ರೋಗಿಗಳು ಎಂದು ಕೇಳಲಿ.

ಇನ್ನು ಎರಡು ವರ್ಷದೊಳಗೆ ವೀಸಾ ಎಂಬ ಮಾತು. ನನ್ನ ಅರ್ಜಿ ದಾಖಲಾದದ್ದು 2012ರ ಜೂನ್‌ನಲ್ಲಿ. ವೀಸಾ ಬಂದದ್ದು 2024ರ ಮಾರ್ಚ್‌ನಲ್ಲಿ. ಆ ಹನ್ನೆರಡು ವರ್ಷ ನಾನು ಕುವೈತಿನಲ್ಲಿ ಕಾಯ್ದದ್ದನ್ನು ನೀವು ನೋಡಿದ್ದೀರಿ. ನರ್ಸುಗಳ ಅರ್ಜಿಗೆ ಇಲ್ಲಿನ ಕಾರ್ಮಿಕ ಇಲಾಖೆಯ ಒಂದು ಹಂತದ ವಿನಾಯಿತಿ ಇದೆ, ನಿಜ. ಆದರೆ ಒಂದೊಂದು ದೇಶಕ್ಕೂ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇರುವುದರಿಂದ ಭಾರತದವರ ಸಾಲು ಕರಗುವುದಿಲ್ಲ. ಸಾಲಿನ ತುದಿ ಈಗ ಎಲ್ಲಿದೆ ಎಂದು ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ತಿಂಗಳೂ ವೀಸಾ ಬುಲೆಟಿನ್‌ನಲ್ಲಿ ಪ್ರಕಟಿಸುತ್ತದೆ. ಪುಟ್ಟಿಯೇ ಮೊಬೈಲಿನಲ್ಲಿ ತೆಗೆದು ನಿಮಗೆ ತೋರಿಸಲಿ.

ಅವಳು ಬರಬಾರದು ಎಂದು ನಾನು ಹೇಳುತ್ತಿಲ್ಲ. ಅವಳ ಕೈ ಬಹಳ ಮೃದು, ಅಜ್ಜಿಯ ಹುಣ್ಣಿಗೆ ಅವಳು ಪಟ್ಟಿ ಕಟ್ಟಿದ್ದನ್ನು ನಾನೇ ನೋಡಿದ್ದೇನೆ. ಕೋರ್ಸು ಮುಗಿಸಿ, ದೊಡ್ಡ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಕಲಿಯಲಿ. ಅಮೆರಿಕದಲ್ಲಿ ನರ್ಸ್ ಲೈಸೆನ್ಸಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಪರೀಕ್ಷೆಗೆ 200 ಡಾಲರ್, ಅಮೆರಿಕದ ಹೊರಗೆ ಬರೆಯುವುದಕ್ಕೆ ಮತ್ತೆ 150. ಅದನ್ನು ನಾನು ಕಟ್ಟುತ್ತೇನೆ. ಇದಕ್ಕೆ ತೋಟ ಅಡವಿಡಬೇಕಾಗಿಲ್ಲ. ನಮ್ಮ ದೇಶದ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡ ಏಜೆಂಟ್ ಸೇವಾ ಶುಲ್ಕವೆಂದು ತೆಗೆದುಕೊಳ್ಳಬಹುದಾದದ್ದು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅಷ್ಟೇ. ಹನ್ನೆರಡು ಲಕ್ಷ ಕೇಳುವವನ ನೋಂದಣಿ ಸಂಖ್ಯೆಯನ್ನು ಮೊದಲು ಕೇಳಿ. ಆ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಅದು ಇದೆಯೋ ಇಲ್ಲವೋ ಪುಟ್ಟಿ ನೋಡಲಿ.

ಅಣ್ಣನಿಗೆ ಬೇಸರವಾಗಬಹುದು. ತಂಗಿ ತಾನು ಮಾತ್ರ ಹೋಗಿ ಕುಳಿತು ನನ್ನ ಮಗಳಿಗೆ ದಾರಿ ಬಿಡುತ್ತಿಲ್ಲ ಎಂದು ಅವನಿಗೆ ಅನ್ನಿಸದಿರಲಿ. ಈ ಪತ್ರವನ್ನು ಅವನ ಕೈಗೇ ಕೊಡಿ, ಸಂಬಳದ ಚೀಟಿಯ ಪ್ರತಿಯನ್ನೂ ಇದರ ಜೊತೆ ಇಟ್ಟಿದ್ದೇನೆ.

ಏಜೆಂಟ್ ಕೊಟ್ಟ ಕಾಗದದ ಎಲ್ಲ ಪುಟಗಳ ಫೋಟೋ ತೆಗೆದು ಪುಟ್ಟಿ ನನಗೆ ಕಳುಹಿಸಲಿ, ಹಿಂಬದಿಯದ್ದನ್ನೂ ಸೇರಿಸಿ. ಪತ್ರ ತಲುಪಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡಿ, ನಾನೇ ಕರೆ ಮಾಡುತ್ತೇನೆ. ಅಲ್ಲಿಯವರೆಗೆ ನೀವಾಗಲಿ ಅಣ್ಣನಾಗಲಿ ಎಲ್ಲಿಯೂ ಸಹಿ ಹಾಕಬೇಡಿ. ಮಳೆಯಲ್ಲಿ ತೋಟಕ್ಕೆ ಒಬ್ಬರೇ ಇಳಿಯಬೇಡಿ, ಕಾಲು ಜಾರುತ್ತದೆ.

ಇಂತಿ ನಿಮ್ಮ ಪ್ರೀತಿಯ ಮಗಳು